ಎರಡು ಮಳೆಗಾಲ ದಾಟುವ ಬ್ಯಾಟರಿ: ತೋಟದ ಟ್ಯಾಂಕಿಗೆ ವೈರ್‌ಲೆಸ್ ಸೆನ್ಸರ್ ಕಟ್ಟುವ ಸಮಗ್ರ ಮಾರ್ಗದರ್ಶಿ

ಕಾರ್ಕಳ, ಹೆಬ್ರಿ, ಬ್ರಹ್ಮಾವರ ಕಡೆಯ ಎಷ್ಟೋ ಅಡಿಕೆ ತೋಟಗಳ ನಕ್ಷೆ ಒಂದೇ ತರಹದ್ದು. ಕೆಳಗೆ ಬೈಲಿನಲ್ಲಿ ತೋಟ, ಅದರ ಬದಿಯಲ್ಲಿ ಬಾವಿಯೋ ಕೆರೆಯೋ, ನಡುವೆ ಮನೆ, ಮೇಲೆ ಮುರಕಲ್ಲಿನ ಗುಡ್ಡೆಯ ನೆತ್ತಿಯಲ್ಲಿ ನೀರಿನ ಟ್ಯಾಂಕು. ತುಂಬಿತೋ ಇಲ್ಲವೋ ನೋಡಬೇಕಾದರೆ ಗುಡ್ಡೆ ಹತ್ತಬೇಕು. ಫ್ಲೋಟ್ ಸ್ವಿಚ್ಚು ಹಾಕಿ ಪಂಪಿನ ಸ್ಟಾರ್ಟರಿನವರೆಗೆ ವಯರು ಎಳೆಯಬಹುದು, ಎಳೆದವರೂ ಬಹಳ ಮಂದಿ ಇದ್ದಾರೆ. ಆ ವಯರು ಹುಲ್ಲಿನ ಮಿಷನ್ನಿಗೆ ಸಿಕ್ಕಿ ತುಂಡಾಗುತ್ತದೆ, ಹಂದಿ ಕೆದಕಿ ಕಿತ್ತುಹಾಕುತ್ತದೆ, ಎರಡರಿಂದಲೂ ಉಳಿದದ್ದನ್ನು ಮೇ ಕೊನೆಯ ಪತ್ತನಾಜೆ ಹೊತ್ತಿನ ಸಿಡಿಲು ನೋಡಿಕೊಳ್ಳುತ್ತದೆ. ಗುಡ್ಡೆಯಿಂದ ಬೈಲಿಗೆ ಇಳಿದ 300 ಮೀಟರ್ ತಾಮ್ರವೆಂದರೆ ಸಿಡಿಲಿನ ಹೊಡೆತವನ್ನು ನೇರ ಸ್ಟಾರ್ಟರ್ ಪೆಟ್ಟಿಗೆಗೆ ತಲುಪಿಸುವ ದಾರಿ.

ಹಾಗಾಗಿ ವಯರು ಬೇಡ, ಕರೆಂಟೂ ಬೇಡ. ಟ್ಯಾಂಕಿನ ಮುಚ್ಚಳದ ಮೇಲೊಂದು ಸಣ್ಣ ಪೆಟ್ಟಿಗೆ, ಒಳಗೆ ಒಂದು ಬ್ಯಾಟರಿ ಸೆಲ್, ನೀರಿನ ಮಟ್ಟ ಮನೆಯ ಮೊಬೈಲಿಗೆ. ಇಲ್ಲಿ ಹೇಳುವುದು ಇಷ್ಟನ್ನು ಕಟ್ಟುವ ಕ್ರಮ. ಬೆಸುಗೆ ಹಾಕಲು ಬಂದು, ಆರ್ಡುಯಿನೋದಲ್ಲಿ ಒಂದು ಎಲ್‌ಇಡಿ ಮಿನುಗಿಸಿದ ಅನುಭವ ಇದ್ದರೆ ಸಾಕು.

ಯಾವ ಚಿಪ್ಪು ಒಳ್ಳೆಯದು ಎಂಬ ವಾದದಲ್ಲಿ ಜನ ತಿಂಗಳು ಕಳೆಯುತ್ತಾರೆ. ನನ್ನ ಅಭಿಪ್ರಾಯ ಕೇಳಿದರೆ, ಇವತ್ತು ಮಾರುಕಟ್ಟೆಯಲ್ಲಿರುವ ಯಾವ ಕಡಿಮೆ ವಿದ್ಯುತ್ತಿನ ಚಿಪ್ಪಾದರೂ ಈ ಕೆಲಸಕ್ಕೆ ಸಾಕಷ್ಟು ಒಳ್ಳೆಯದೇ. ಬ್ಯಾಟರಿ ಎಷ್ಟು ದಿನ ಬಾಳುತ್ತದೆ ಎಂಬುದು ಬೇರೆ ಮೂರು ಕಡೆ ನಿರ್ಧಾರವಾಗುತ್ತದೆ: ಚಿಪ್ಪು ನಿದ್ದೆಯಲ್ಲಿರುವಾಗ ಅದರ ಸುತ್ತಮುತ್ತ ಯಾರು ಎಚ್ಚರವಾಗಿದ್ದಾರೆ, ಒಂದು ಸಂದೇಶ ಎಷ್ಟು ಹೊತ್ತು ಗಾಳಿಯಲ್ಲಿರುತ್ತದೆ, ಉತ್ತರ ಬಾರದಿದ್ದಾಗ ಸಾಧನ ಎಷ್ಟು ಸಲ ಕೂಗುತ್ತದೆ. ಮುಂದಿನದ್ದೆಲ್ಲ ಈ ಮೂರರ ವಿವರ.

ಮೊದಲು ರೇಡಿಯೊ

ವೈಫೈ ಎಲ್ಲರಿಗೂ ಗೊತ್ತು, ವೈಫೈ ಇರುವ ಇಎಸ್‌ಪಿ32 ಚಿಪ್ಪು ಅಗ್ಗಕ್ಕೆ ಸಿಗುತ್ತದೆ. ಆದರೆ ವೈಫೈಯಲ್ಲಿ ಕಳುಹಿಸುವಾಗ ಅದು 240 ಮಿಲಿಆಂಪ್‌ವರೆಗೆ ಎಳೆಯುತ್ತದೆ, ಪ್ರತಿ ಸಲ ಎದ್ದಾಗಲೂ ರೂಟರನ್ನು ಹುಡುಕಿ ಸೇರಿಕೊಳ್ಳಲು ಕೆಲವು ಸೆಕೆಂಡು ಬೇಕು. ಅದಕ್ಕಿಂತ ಮುಖ್ಯ, ವೈಫೈ ಇರುವುದು 2.4 ಗಿಗಾಹರ್ಟ್ಸ್‌ನಲ್ಲಿ. ನೀರು ತುಂಬಿದ ಹಸಿರೆಲೆ ಆ ತರಂಗವನ್ನು ಚೆನ್ನಾಗಿ ನುಂಗುತ್ತದೆ. ಮಳೆಗಾಲದಲ್ಲಿ ತೊಯ್ದ ಅಡಿಕೆ ಸೋಗೆಗಳ ನಡುವೆ ಅದರ ಆಟ ನಡೆಯುವುದಿಲ್ಲ. ಬ್ಲೂಟೂತ್ ಲೋ ಎನರ್ಜಿ, ಜಿಗ್‌ಬೀ, ಥ್ರೆಡ್ ಮೂರೂ ಇದೇ 2.4ರಲ್ಲಿವೆ. ನಾರ್ಡಿಕ್ ಕಂಪನಿಯ ಎನ್‌ಆರ್‌ಎಫ್52 ಸರಣಿಯ ಚಿಪ್ಪು ನಿದ್ದೆಯಲ್ಲಿ ಒಂದೆರಡು ಮೈಕ್ರೊಆಂಪ್, ಮಾತಾಡುವಾಗ ಐದು ಮಿಲಿಆಂಪಿನ ಆಸುಪಾಸು. ಮನೆಯೊಳಗಿನ ತಾಪಮಾನ ಸೆನ್ಸರಿಗೆ ಅದಕ್ಕಿಂತ ಚೆಂದದ್ದು ಕಾಣೆ. ಗುಡ್ಡೆಯಿಂದ ಮನೆಗೆ ಮಾತ್ರ ಅದು ಮುಟ್ಟುವುದಿಲ್ಲ. ಸಿಮ್ ಹಾಕುವ ದಾರಿಯೂ ಇದೆ. ಬೈಲಿನ ತಗ್ಗಿನಲ್ಲಿ ಸಿಗ್ನಲ್ ಸಿಕ್ಕಿದರೆ ಸಿಕ್ಕಿತು, ಸಿಮ್ಮಿನ ರೀಚಾರ್ಜು ಮರೆತರೆ ಹೋಯಿತು.

ಉಳಿಯುವುದು ಲೋರಾ, ಕಡಿಮೆ ವಿದ್ಯುತ್ತಿನಲ್ಲಿ ಸಣ್ಣ ಸಂದೇಶವನ್ನು ಬಹುದೂರ ಮುಟ್ಟಿಸುವ ರೇಡಿಯೊ. ನಮ್ಮ ದೇಶದಲ್ಲಿ 865ರಿಂದ 867 ಮೆಗಾಹರ್ಟ್ಸ್ ಪಟ್ಟಿಯಲ್ಲಿ 1 ವಾಟ್ ಪ್ರಸಾರ ಶಕ್ತಿಯವರೆಗೆ ಲೈಸೆನ್ಸ್ ಬೇಡವೆಂದು 2005ರಲ್ಲೇ ನಿಯಮವಾಗಿದೆ. ಲೋರಾ ಸಾಧನಗಳನ್ನು ನೆಟ್‌ವರ್ಕಿಗೆ ಸೇರಿಸುವ ಲೋರಾವಾನ್ ಪದ್ಧತಿಯಲ್ಲಿ ಭಾರತದ ಈ ಪಟ್ಟಿಗೆ ಐಎನ್865 ಎಂದು ಹೆಸರು, ಮೂಲ ಚಾನೆಲ್‌ಗಳು ಮೂರು: 865.0625, 865.4025, 865.985. ಕೊಳ್ಳುವಾಗ ಈ ಐಎನ್865 ಎಂಬ ಗುರುತು ಇದೆಯೇ ಎಂದು ನೋಡಿ. 433 ಮೆಗಾಹರ್ಟ್ಸ್‌ನ ಮೊಡ್ಯೂಲ್‌ಗಳು ಆನ್‌ಲೈನಿನಲ್ಲಿ ಅಗ್ಗಕ್ಕೆ ಕಾಣುತ್ತವೆ, ಅವು ನಮ್ಮ ಗೇಟ್‌ವೇಗಳೊಂದಿಗೆ, ಅಂದರೆ ಮನೆಯಲ್ಲಿ ಲೋರಾ ಸಂದೇಶ ಹಿಡಿದು ಸರ್ವರಿಗೆ ದಾಟಿಸುವ ಪೆಟ್ಟಿಗೆಗಳೊಂದಿಗೆ, ಮಾತಾಡುವುದಿಲ್ಲ.

ಮೊಡ್ಯೂಲ್ ಮತ್ತು ಉಳಿದ ಸಾಮಾನು

ಹಿಂದೆ ಲೋರಾ ಅಂದರೆ ಒಂದು ಮೈಕ್ರೊಕಂಟ್ರೋಲರ್, ಪಕ್ಕದಲ್ಲಿ ಬೇರೆಯೇ ಒಂದು ರೇಡಿಯೊ ಚಿಪ್ಪು, ನಡುವೆ ಏಳೆಂಟು ವಯರು. 2020ರಲ್ಲಿ ಎಸ್‌ಟಿ ಮೈಕ್ರೊಎಲೆಕ್ಟ್ರಾನಿಕ್ಸ್ ಕಂಪನಿ ಎರಡನ್ನೂ ಒಂದೇ ಸಿಲಿಕಾನಿನಲ್ಲಿ ಸೇರಿಸಿ ಎಸ್‌ಟಿಎಂ32ಡಬ್ಲ್ಯುಎಲ್ ಸರಣಿ ತಂದಿತು. ಆ ಚಿಪ್ಪನ್ನು ಕೂರಿಸಿದ ಆರ್‌ಎಕೆ3172 ಮೊಡ್ಯೂಲ್ ನನ್ನ ಆಯ್ಕೆ. ಬೆರಳಿನ ಉಗುರಿಗಿಂತ ಸ್ವಲ್ಪ ದೊಡ್ಡದು, ನಿದ್ದೆಯಲ್ಲಿ ಎರಡು ಮೈಕ್ರೊಆಂಪಿಗಿಂತ ಕಡಿಮೆ, ಲೋರಾವಾನ್ ತಂತ್ರಾಂಶ ಒಳಗೇ ಇದೆ, ಆರ್ಡುಯಿನೋ ಶೈಲಿಯಲ್ಲಿ ಪ್ರೋಗ್ರಾಮ್ ಬರೆಯಬಹುದು. ಇದರಲ್ಲಿ ಎರಡು ತಳಿ ಇವೆ; ನಮಗೆ ಬೇಕಾದ್ದು ಹೆಚ್ಚಿನ ಆವರ್ತನದ್ದು. ಅದೇ ಚಿಪ್ಪಿನ ವಿಯೊ-ಇ5 ಮೊಡ್ಯೂಲೂ ನಡೆಯುತ್ತದೆ. ಕಾಲುಗಳು ಬಹಳ ಸಣ್ಣವು, ಬೆಸುಗೆ ಹಾಕಲು ಕೈ ನಡುಗಿದರೆ ಪಿನ್ನುಗಳನ್ನು ಹೊರಗೆ ತಂದ ಬ್ರೇಕ್ಔಟ್ ಬೋರ್ಡನ್ನೇ ತನ್ನಿ. ಆದರೆ ಆ ಬೋರ್ಡಿನ ಮೇಲೆ ಪವರ್ ಎಲ್‌ಇಡಿ ಇದ್ದರೆ ಮೊದಲ ದಿನವೇ ಕಿತ್ತುಬಿಡಿ.

ನೀರಿನ ಮಟ್ಟಕ್ಕೆ ಶ್ರವಣಾತೀತ ಸೆನ್ಸರ್. ಅಗ್ಗದ ಜೆಎಸ್‌ಎನ್-ಎಸ್‌ಆರ್04ಟಿಗೆ ಮೂತಿಯ ಮುಂದಿನ ಒಂದು ಗೇಣು ಕಾಣುವುದೇ ಇಲ್ಲ, ಅಂದರೆ ಟ್ಯಾಂಕು ತುಂಬುವ ಹೊತ್ತಿಗೆ ಸರಿಯಾಗಿ ಅದು ಕುರುಡಾಗುತ್ತದೆ. ಎ02ವೈವೈಯುಡಬ್ಲ್ಯು ಎಂಬ ಸೆನ್ಸರ್ 3 ಸೆಂಟಿಮೀಟರಿನಿಂದ ನಾಲ್ಕೂವರೆ ಮೀಟರ್‌ವರೆಗೆ ಅಳೆಯುತ್ತದೆ, 3.3 ವೋಲ್ಟ್‌ನಲ್ಲಿ ಓಡುತ್ತದೆ, 8 ಮಿಲಿಆಂಪ್ ಸಾಕು, ನೀರು ತಾಗಿದರೆ ಹಾಳಾಗುವುದಿಲ್ಲ. ಹೆಚ್ಚಿನ ಟ್ಯಾಂಕಿಗೆ ಇದು ಧಾರಾಳ. ಹತ್ತು ಮೀಟರ್ ಆಳದ ಬಾವಿಗೆ ಸಾಲದು. ಅಲ್ಲಿಗೆ ನೀರಿಗೆ ಇಳಿಬಿಡುವ ಒತ್ತಡದ ಸೆನ್ಸರ್ ಬೇಕು, ಅದರ ಲೆಕ್ಕವೇ ಬೇರೆ.

ಬ್ಯಾಟರಿಗೆ ಒಂದು 18650 ಲಿಥಿಯಂ ಸೆಲ್, ಒಳ್ಳೆ ಕಂಪನಿಯದ್ದು, ರಕ್ಷಣಾ ಸರ್ಕ್ಯೂಟ್ ಇರುವಂಥದ್ದು. ಹಳೆ ಲ್ಯಾಪ್‌ಟಾಪಿನಿಂದ ಬಿಚ್ಚಿದ ಸೆಲ್ ಬೇಡ, ಅದರಲ್ಲಿ ಒಳಸೋರಿಕೆ ಎಷ್ಟೆಂದು ಹೇಳಲಾಗದು. 3.6 ವೋಲ್ಟಿನ ಲಿಥಿಯಂ ಥಯೋನಿಲ್ ಕ್ಲೋರೈಡ್ ಸೆಲ್ ವರ್ಷಗಟ್ಟಲೆ ಸೋರದೆ ಕೂರುತ್ತದೆ ನಿಜ. ಆದರೆ ಅದಕ್ಕೆ ಒಮ್ಮೆಗೇ 100 ಮಿಲಿಆಂಪ್ ಕೇಳಿದರೆ ವೋಲ್ಟೇಜು ಕುಸಿಯುತ್ತದೆ, ಜೊತೆಗೊಂದು ಸೂಪರ್ ಕೆಪಾಸಿಟರ್ ಕಟ್ಟಬೇಕಾಗುತ್ತದೆ. ಮೊದಲ ಸಾಧನಕ್ಕೆ ಆ ತಲೆನೋವು ಯಾಕೆ?

ಸೋಲಾರ್ ಯಾಕಿಲ್ಲ ಎಂದು ಎಲ್ಲರೂ ಕೇಳುತ್ತಾರೆ. ದಿನಕ್ಕೆ ಒಂದೂವರೆ ಎಂಎಎಚ್ (ಮಿಲಿಆಂಪ್-ಗಂಟೆ, ಬ್ಯಾಟರಿಯ ಚಾರ್ಜಿನ ಅಳತೆ) ಬೇಕಾದ ಸಾಧನಕ್ಕೆ ಪ್ಯಾನಲು, ಚಾರ್ಜರ್, ಎರಡು ಜಾಯಿಂಟು ಸೇರಿಸುವುದೆಂದರೆ ತುಕ್ಕು ಹಿಡಿಯಲು ನಾಲ್ಕು ಹೊಸ ಜಾಗ ಕೊಟ್ಟ ಹಾಗೆ. ತೋಟದ ಒಳಗಂತೂ ನೆರಳು. ಕೊಳೆರೋಗಕ್ಕೆ ಮೈಲುತುತ್ತು ಸುಣ್ಣದ ಮದ್ದು ಬಿಟ್ಟಾಗ ಪ್ಯಾನಲಿನ ಮೇಲೆ ಒಂದು ನೀಲಿ ಪದರ ಕೂರುತ್ತದೆ, ಒರೆಸಲು ನೆನಪಾಗುವುದು ಸಾಧನ ಸತ್ತ ಮೇಲೆ.

ಲೆಕ್ಕ ಹಾಕದೆ ಬೆಸುಗೆ ಹಾಕಬೇಡಿ

ಈಗ ಬ್ಯಾಟರಿಯ ಲೆಕ್ಕ. 15 ನಿಮಿಷಕ್ಕೊಮ್ಮೆ ಎದ್ದರೆ ದಿನಕ್ಕೆ 96 ಸಲ.

ಪ್ರತಿ ಸಲ ಸೆನ್ಸರ್ ಒಂದು ಸೆಕೆಂಡು ಓಡಲಿ. ಸೆನ್ಸರಿಗೆ 8, ಮೊಡ್ಯೂಲಿಗೆ 5, ಒಟ್ಟು 13 ಮಿಲಿಆಂಪ್. 96 ಸಲಕ್ಕೆ ಅದು ದಿನಕ್ಕೆ 0.35 ಎಂಎಎಚ್. ಕಳುಹಿಸುವಾಗ 100 ಮಿಲಿಆಂಪ್ ಎಂದು ಹಿಡಿಯೋಣ. ಎಷ್ಟು ಹೊತ್ತು ಎಂಬುದು ಲೋರಾದ ಸ್ಪ್ರೆಡಿಂಗ್ ಫ್ಯಾಕ್ಟರ್ ಮೇಲೆ ನಿಂತಿದೆ. ಇದನ್ನು ಎಸ್‌ಎಫ್ ಎನ್ನುತ್ತಾರೆ, 7ರಿಂದ 12ರವರೆಗೆ. ಸಂಖ್ಯೆ ಏರಿದಂತೆ ಸಂದೇಶ ದೂರ ಮುಟ್ಟುತ್ತದೆ, ಆದರೆ ನಿಧಾನವಾಗುತ್ತದೆ. ನಾವು ಕಳುಹಿಸುವುದು 4 ಬೈಟ್ ಮಾತ್ರ. ಅಷ್ಟಕ್ಕೆ ಲೋರಾವಾನ್ ತನ್ನ 13 ಬೈಟ್ ಸೇರಿಸುತ್ತದೆ. ಎಸ್‌ಎಫ್7ರಲ್ಲಿ ಇದು ಗಾಳಿಯಲ್ಲಿರುವುದು 51 ಮಿಲಿಸೆಕೆಂಡು, ಎಸ್‌ಎಫ್10ರಲ್ಲಿ 330, ಎಸ್‌ಎಫ್12ರಲ್ಲಿ 1,320. ಒಂದೇ ಸಂದೇಶ, ಒಂದೇ ಬ್ಯಾಟರಿ, ಇಪ್ಪತ್ತೈದು ಪಟ್ಟು ವ್ಯತ್ಯಾಸ.

ಎಸ್‌ಎಫ್10 ಎಂದಿಟ್ಟುಕೊಂಡರೆ ಕಳುಹಿಸುವ ಖರ್ಚು ದಿನಕ್ಕೆ 0.88 ಎಂಎಎಚ್. ಕಳುಹಿಸಿದ ಮೇಲೆ ಉತ್ತರಕ್ಕೆ ಕಿವಿಗೊಡುವ ಎರಡು ಕಿಂಡಿಗಳಿಗೆ 0.1. ನಿದ್ದೆಯಲ್ಲಿ ಎಲ್ಲ ಸೇರಿ 6 ಮೈಕ್ರೊಆಂಪ್ ಎಂದರೆ ದಿನಕ್ಕೆ 0.15ರ ಹತ್ತಿರ. ಒಟ್ಟು ಒಂದೂವರೆ ಎಂಎಎಚ್. ಸೆಲ್ಲಿನಲ್ಲಿ ಬಳಸಬಹುದಾದ್ದು 2,000 ಎಂಎಎಚ್ ಎಂದರೂ ಕಾಗದದ ಮೇಲೆ ಮೂರೂವರೆ ವರ್ಷ. ಸೆಲ್ಲು ತಾನೇ ಸೋರುವುದನ್ನು ಕಳೆದರೆ ಎರಡು ಮಳೆಗಾಲ ನಿಶ್ಚಿಂತೆ.

ಇದೇ ಕೆಲಸವನ್ನು ಅಂಗಡಿಯಿಂದ ತಂದ ಸಾಮಾನ್ಯ ಡೆವಲಪ್‌ಮೆಂಟ್ ಬೋರ್ಡಿನಲ್ಲಿ ಮಾಡಿ ನೋಡಿ. ಅದರ ಮೇಲೆ ವೋಲ್ಟೇಜನ್ನು ಒಂದೇ ಮಟ್ಟದಲ್ಲಿಡುವ ಎಎಂಎಸ್1117 ಎಂಬ ರೆಗ್ಯುಲೇಟರ್ ಇರುತ್ತದೆ, ಏನೂ ಮಾಡದೆ ಕುಳಿತಿದ್ದರೂ ಅದಕ್ಕೆ 5 ಮಿಲಿಆಂಪ್ ಬೇಕು. ಎಲ್‌ಇಡಿಗೆ ಇನ್ನೆರಡು. ಚಿಪ್ಪು 10 ಮೈಕ್ರೊಆಂಪಿನಲ್ಲಿ ಗೊರಕೆ ಹೊಡೆಯುತ್ತಿದ್ದರೂ ಬೋರ್ಡು ದಿನಕ್ಕೆ 168 ಎಂಎಎಚ್ ಕುಡಿಯುತ್ತದೆ. ಹನ್ನೆರಡು ದಿನಕ್ಕೆ ಸೆಲ್ ಖಾಲಿ. ಸುರತ್ಕಲ್ಲಿನಲ್ಲೋ ಮಣಿಪಾಲದಲ್ಲೋ ಓದುವ ಹುಡುಗರು ಪ್ರಾಜೆಕ್ಟ್ ಮಾಡುವಾಗ ‘ಡೀಪ್ ಸ್ಲೀಪ್ ಹಾಕಿದ್ದೇನೆ, ಆದರೂ ಬ್ಯಾಟರಿ ನಿಲ್ಲುವುದಿಲ್ಲ ಮಾರಾಯ್ರೆ’ ಎಂದು ಗೋಳಾಡಿದರೆ, ಹತ್ತರಲ್ಲಿ ಎಂಟು ಸಲ ಬೋರ್ಡಿನ ಈ ಮೂರು ಕಾಲಿನ ರೆಗ್ಯುಲೇಟರನ್ನೇ ಮೊದಲು ಅನುಮಾನಿಸಬೇಕು.

ಜೋಡಣೆ

ಸೆಲ್ಲಿನಿಂದ ಎಂಸಿಪಿ1700 ರೆಗ್ಯುಲೇಟರ್, 3.3 ವೋಲ್ಟಿನದ್ದು. ಇದು ಸುಮ್ಮನಿದ್ದಾಗ ತೆಗೆದುಕೊಳ್ಳುವುದು 1.6 ಮೈಕ್ರೊಆಂಪ್. ಒಳ ಬದಿ ಹೊರ ಬದಿ ಎರಡರಲ್ಲೂ 1 ಮೈಕ್ರೊಫ್ಯಾರಡ್ ಸೆರಾಮಿಕ್ ಕೆಪಾಸಿಟರ್. ಮೊಡ್ಯೂಲಿನ ಹತ್ತಿರ, ಕಳುಹಿಸುವ ಕ್ಷಣದ ಎಳೆತಕ್ಕೆ 100 ಮೈಕ್ರೊಫ್ಯಾರಡಿನ ಒಂದು, ಸೋರಿಕೆ ಕಡಿಮೆ ಇರುವಂಥದ್ದು.

ಸೆನ್ಸರಿಗೆ ಸದಾ ಕರೆಂಟು ಕೊಡುವಂತಿಲ್ಲ. ಅದರ ಪ್ಲಸ್ ವಯರನ್ನು ಎಒ3401 ಎಂಬ ಪಿ-ಚಾನೆಲ್ ಮಾಸ್‌ಫೆಟ್ (ಇಲ್ಲಿ ಸ್ವಿಚ್ಚಿನ ಕೆಲಸ ಮಾಡುವ ಟ್ರಾನ್ಸಿಸ್ಟರ್) ಮೂಲಕ 3.3 ವೋಲ್ಟ್ ಸಾಲಿಗೆ ಕೊಡಿ. ಮಾಸ್‌ಫೆಟ್ಟಿನ ಸೋರ್ಸ್ 3.3ಕ್ಕೆ, ಡ್ರೇನ್ ಸೆನ್ಸರಿಗೆ, ಗೇಟ್ ಮೊಡ್ಯೂಲಿನ ಒಂದು ಪಿನ್ನಿಗೆ; ಗೇಟಿಗೂ ಸೋರ್ಸಿಗೂ ನಡುವೆ 100 ಕಿಲೊಓಮ್. ಪಿನ್ನು ಕೆಳಗಿಳಿದರೆ ಸೆನ್ಸರ್ ಆನ್, ಮೇಲೇರಿದರೆ ಆಫ್, ಪಿನ್ನು ತೇಲುತ್ತಿದ್ದರೂ ಆಫ್. ಇದನ್ನು ನೇರ ಬ್ಯಾಟರಿ ಬದಿಗೆ ಹಾಕಬೇಡಿ: ಸೋರ್ಸಿನಲ್ಲಿ 4.2 ವೋಲ್ಟ್, ಗೇಟಿನಲ್ಲಿ 3.3 ಇದ್ದರೆ ಮಾಸ್‌ಫೆಟ್ ಪೂರ್ತಿ ಮುಚ್ಚುವುದಿಲ್ಲ.

ಬ್ಯಾಟರಿ ವೋಲ್ಟೇಜು ಅಳೆಯಲು ಎರಡು ರೆಸಿಸ್ಟರಿನ ವಿಭಾಜಕ ಬೇಕು. ಅಂತರ್ಜಾಲದ ಚಿತ್ರಗಳಲ್ಲೆಲ್ಲ ಎರಡು 100 ಕಿಲೊಓಮ್ ಇರುತ್ತವೆ. 4.2 ವೋಲ್ಟಿಗೆ ಅವು ಹಗಲೂ ರಾತ್ರಿ 21 ಮೈಕ್ರೊಆಂಪ್ ಸೋರುತ್ತವೆ, ನಮ್ಮ ಇಡೀ ನಿದ್ದೆಯ ಖರ್ಚಿನ ಮೂರೂವರೆ ಪಟ್ಟು. ಎರಡು 1 ಮೆಗಾಓಮ್ ಹಾಕಿ, ಕೆಳಗಿನದಕ್ಕೆ ಅಡ್ಡವಾಗಿ 100 ನ್ಯಾನೊಫ್ಯಾರಡ್ ಕೊಡಿ. ಸೋರಿಕೆ ಎರಡಕ್ಕಿಳಿಯುತ್ತದೆ, ಓದೂ ಅಲುಗಾಡುವುದಿಲ್ಲ.

ಸೆನ್ಸರಿನಿಂದ ಮೊಡ್ಯೂಲಿಗೆ ಬರುವ ಡೇಟಾ ವಯರಿನಲ್ಲೂ ಬ್ಯಾಟರಿ ಸೋರುವುದುಂಟು. ಸೀರಿಯಲ್ ಪೋರ್ಟ್ ತೆರೆದಾಗ ಆ ಪಿನ್ನಿಗೆ ಅದನ್ನು ಪ್ಲಸ್ ಕಡೆಗೆ ಎಳೆದಿಡುವ ಒಳಗಿನ ಪುಲ್-ಅಪ್ ರೆಸಿಸ್ಟರ್ ಸೇರಿಕೊಂಡಿರಬಹುದು. ಎಸ್‌ಟಿಎಂ32ರಲ್ಲಿ ಅದರ ಬೆಲೆ ಸುಮಾರು 40 ಕಿಲೊಓಮ್. ಸೆನ್ಸರಿನ ಪ್ಲಸ್ ಕಡಿದಿದ್ದೀರಿ, ಆದರೆ ಡೇಟಾ ವಯರಿನ ಮೂಲಕ ಕರೆಂಟು ಆ ಪುಲ್-ಅಪ್‌ನಿಂದ ಹೊರಟು, ಆರಿದ ಸೆನ್ಸರಿನ ಒಳಗೆ ನುಗ್ಗಿ ನೆಲ ಸೇರುತ್ತದೆ. 80 ಮೈಕ್ರೊಆಂಪ್. ದಿನಕ್ಕೆ ಸುಮಾರು 2 ಎಂಎಎಚ್, ಅಂದರೆ ಇಡೀ ಸಾಧನದ ದಿನದ ಖರ್ಚಿಗಿಂತ ಹೆಚ್ಚು. ಮಲಗುವ ಮೊದಲು ಸೀರಿಯಲ್ ಪೋರ್ಟ್ ಮುಚ್ಚಿ, ಆ ಪಿನ್ನನ್ನು ಅನಲಾಗ್ ಸ್ಥಿತಿಗೋ ಪುಲ್-ಡೌನ್‌ಗೋ ಹಾಕುವುದು ಇದಕ್ಕೆ ಮದ್ದು.

ಪ್ರೋಗ್ರಾಮ್ ಮಾಡಬೇಕಾದ್ದು

ಕ್ರಮ ಹೀಗಿರಲಿ. ಟೈಮರ್ ಎಬ್ಬಿಸುತ್ತದೆ, ಸೆನ್ಸರ್ ಆನ್, ಮೊದಲ ಮೂರ್ನಾಲ್ಕು ಓದುಗಳನ್ನು ಎಸೆದುಬಿಡಿ, ಅವು ನಂಬಿಕೆಗೆ ಬಾರವು. ಸೆನ್ಸರ್ ಒಂದೊಂದು ಓದಿಗೂ 4 ಬೈಟ್ ಕಳುಹಿಸುತ್ತದೆ: ಮೊದಲನೆಯದು 255 ಎಂಬ ಗುರುತು, ಆಮೇಲೆ ದೂರದ ಮೇಲಿನ ಬೈಟ್, ಕೆಳಗಿನ ಬೈಟ್, ಕೊನೆಗೆ ಈ ಮೂರರ ಮೊತ್ತದ ಕೊನೆಯ 8 ಬಿಟ್. ಮೊತ್ತ ತಾಳೆಯಾಗದ ಓದನ್ನು ಬಿಡಿ. ಸರಿಯಾದ ಐದು ಸಿಕ್ಕ ಮೇಲೆ ಏರಿಕೆಯ ಕ್ರಮದಲ್ಲಿ ಜೋಡಿಸಿ ನಡುವಿನದ್ದನ್ನು ತೆಗೆದುಕೊಳ್ಳಿ. ಸರಾಸರಿ ಬೇಡ, ಟ್ಯಾಂಕಿನ ಒಳಗೆ ಇಳಿದ ಪೈಪಿಗೆ ತಾಗಿ ಬಂದ ಒಂದು ಸುಳ್ಳು ಪ್ರತಿಧ್ವನಿ ಸರಾಸರಿಯನ್ನು ಕೆಡಿಸುತ್ತದೆ, ನಡುವಿನ ಬೆಲೆಯನ್ನು ಕೆಡಿಸಲಾರದು. ಒಂದು ಸೆಕೆಂಡಿನಲ್ಲಿ ಐದು ಸಿಗದಿದ್ದರೆ ಕಾಯುತ್ತ ಕೂರದೆ ದೋಷದ ಗುರುತು ಹಾಕಿ ಮುಂದೆ ಹೋಗಿ.

ನಾಲ್ಕು ಬೈಟಿನಲ್ಲಿ ಎರಡು ದೂರಕ್ಕೆ, ಮಿಲಿಮೀಟರಿನಲ್ಲಿ. ಒಂದು ಬ್ಯಾಟರಿಗೆ, 20 ಮಿಲಿವೋಲ್ಟಿನ ಮೆಟ್ಟಿಲಲ್ಲಿ. ಒಂದು ದೋಷದ ಗುರುತುಗಳಿಗೆ. ಅಕ್ಷರದಲ್ಲಿ ‘ಮಟ್ಟ 1432’ ಎಂದು ಬರೆದು ಕಳುಹಿಸುವವರಿದ್ದಾರೆ. ಪ್ರತಿಯೊಂದು ಅಕ್ಷರಕ್ಕೂ ಬ್ಯಾಟರಿಯೇ ಬೆಲೆ ತೆರಬೇಕು. ನೀರಿನ ಎತ್ತರ, ಲೀಟರು, ಶೇಕಡಾ ಎಲ್ಲವನ್ನೂ ಮನೆಯ ಕಂಪ್ಯೂಟರ್ ಲೆಕ್ಕ ಹಾಕಲಿ.

ಅಳೆಯುವ ಖರ್ಚು ಎಸ್‌ಎಫ್10ರಲ್ಲಿ ಕಳುಹಿಸುವ ಖರ್ಚಿನ ಅರ್ಧಕ್ಕಿಂತ ಕಡಿಮೆ. ಆದ್ದರಿಂದ 15 ನಿಮಿಷಕ್ಕೊಮ್ಮೆ ಅಳೆಯಿರಿ, ಹಿಂದೆ ಕಳುಹಿಸಿದ್ದಕ್ಕಿಂತ 3 ಸೆಂಟಿಮೀಟರ್ ಬದಲಾಗಿದ್ದರೆ ಮಾತ್ರ ಕಳುಹಿಸಿ, ಏನೂ ಬದಲಾಗದಿದ್ದರೂ ಎರಡು ಗಂಟೆಗೊಮ್ಮೆ ‘ಬದುಕಿದ್ದೇನೆ’ ಎಂದು ಹೇಳಿಸಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ತೋಟಕ್ಕೆ ನೀರು ಬಿಡುವುದೇ ಇಲ್ಲ. ಆ ನಾಲ್ಕು ತಿಂಗಳು ಸಾಧನ ಹೆಚ್ಚುಕಡಿಮೆ ಮೌನವಾಗಿರುತ್ತದೆ.

ಈಗ ಕೂಗಾಟದ ಮಾತು. ಲೋರಾವಾನ್‌ನಲ್ಲಿ ಸಂದೇಶಕ್ಕೆ ರಸೀದಿ ಕೇಳಬಹುದು, ಬಾರದಿದ್ದರೆ ಮತ್ತೆ ಮತ್ತೆ ಕಳುಹಿಸುವಂತೆ ಹೇಳಬಹುದು. ಕೇಳಬೇಡಿ. ಜುಲೈ-ಆಗಸ್ಟಿನ ಆಟಿ ತಿಂಗಳಲ್ಲಿ ಮರ ಬಿದ್ದು ಲೈನು ತುಂಡಾದರೆ ಕರೆಂಟು ಎರಡು ದಿನ ಬಾರದಿರುವುದು ನಮ್ಮ ಹಳ್ಳಿಗಳಲ್ಲಿ ಹೊಸತಲ್ಲ. ಗೇಟ್‌ವೇ ಸತ್ತಿರುವಾಗ ಗುಡ್ಡೆಯ ಮೇಲಿನ ಸಾಧನ ಉತ್ತರಕ್ಕಾಗಿ ಅರಚುತ್ತಿದ್ದರೆ ಒಂದು ತಿಂಗಳ ಬ್ಯಾಟರಿ ಎರಡು ದಿನದಲ್ಲಿ ಮುಗಿದೀತು. ನೆಟ್‌ವರ್ಕಿಗೆ ಮೊದಲ ಸಲ ಸೇರಿಕೊಳ್ಳುವ ಜಾಯಿನ್ ಪ್ರಯತ್ನಕ್ಕೂ ಇದೇ ನಿಯಮ: ಮೊದಲು ಒಂದು ನಿಮಿಷ ಬಿಟ್ಟು, ಆಮೇಲೆ ಎರಡು, ನಾಲ್ಕು, ಕೊನೆಗೆ ಗಂಟೆಗೊಮ್ಮೆ.

ಎಸ್‌ಎಫ್ ಅನ್ನು ತಾನಾಗಿ ಹೊಂದಿಸಿಕೊಳ್ಳುವ ಎಡಿಆರ್ ಸೌಲಭ್ಯ ಆನ್ ಇರಲಿ. ಅದಕ್ಕೂ ಒಂದು ಸ್ವಭಾವ ಇದೆ: 64 ಸಂದೇಶಗಳವರೆಗೆ ಕೆಳಗಿನಿಂದ ಏನೂ ಕೇಳಿಸದಿದ್ದರೆ ಉತ್ತರ ಬೇಡುತ್ತದೆ, ಇನ್ನು 32 ಕಳೆದ ಮೇಲೆ ಶಕ್ತಿಯನ್ನೂ ಎಸ್‌ಎಫ್ ಅನ್ನೂ ಮೆಟ್ಟಿಲು ಮೆಟ್ಟಿಲಾಗಿ ಏರಿಸುತ್ತದೆ. ಗೇಟ್‌ವೇ ಎರಡು ವಾರ ಆಫ್ ಇಟ್ಟು ಊರಿಗೆ ಹೋದರೆ ಬರುವಷ್ಟರಲ್ಲಿ ಸಾಧನ ಎಸ್‌ಎಫ್12ರಲ್ಲಿ ಮಾತಾಡುತ್ತಿರುತ್ತದೆ. ಗಾಬರಿ ಬೇಡ, ಗೇಟ್‌ವೇ ಬಂದ ಮೇಲೆ ಅದು ತಾನೇ ಇಳಿಯುತ್ತದೆ.

ಮೈಕ್ರೊಆಂಪ್ ಅಳೆಯುವ ಬಡವರ ದಾರಿ

ನಿದ್ದೆಯ ಕರೆಂಟನ್ನು ಅಳೆಯದೆ ಪೆಟ್ಟಿಗೆ ಮುಚ್ಚಬಾರದು. ಮಲ್ಟಿಮೀಟರಿನ ಮೈಕ್ರೊಆಂಪ್ ಶ್ರೇಣಿಯಲ್ಲಿ ನೇರ ಅಳೆಯಹೋದರೆ, ಸಾಧನ ಎದ್ದು 100 ಮಿಲಿಆಂಪ್ ಎಳೆದ ಕ್ಷಣ ವೋಲ್ಟೇಜು ಕುಸಿದು ಅದು ರೀಸೆಟ್ ಆಗುತ್ತದೆ, ಮೀಟರಿನ ಫ್ಯೂಸೂ ಹೋದೀತು. ಉಪಾಯ ಸುಲಭ. ಸೆಲ್ಲಿನ ಪ್ಲಸ್ಸಿಗೂ ರೆಗ್ಯುಲೇಟರಿಗೂ ನಡುವೆ 1 ಕಿಲೊಓಮ್ ರೆಸಿಸ್ಟರ್ ಇಡಿ, ಅದಕ್ಕೆ ಅಡ್ಡವಾಗಿ ಒಂದು ಜಂಪರ್. ಜಂಪರ್ ಹಾಕಿಯೇ ಸಾಧನವನ್ನು ಶುರುಮಾಡಿ. ಅದು ಸೇರಿಕೊಂಡು, ಕಳುಹಿಸಿ, ಮಲಗಿದ ಮೇಲೆ ಜಂಪರ್ ಕಿತ್ತು ರೆಸಿಸ್ಟರಿನ ಎರಡು ತುದಿಯಲ್ಲಿ ಮಿಲಿವೋಲ್ಟ್ ನೋಡಿ. ಒಂದು ಮಿಲಿವೋಲ್ಟ್ ಅಂದರೆ ಒಂದು ಮೈಕ್ರೊಆಂಪ್.

ಐದರಿಂದ ಎಂಟು ಕಂಡರೆ ಎಲ್ಲ ಸರಿ. ಇಪ್ಪತ್ತೈದರ ಹತ್ತಿರ ಇದ್ದರೆ ವಿಭಾಜಕದ ರೆಸಿಸ್ಟರ್ ನೋಡಿ. ಎಂಬತ್ತು, ತೊಂಬತ್ತು ಬಂದರೆ ಪುಲ್-ಅಪ್ ಪಿನ್ನೇ ಕಳ್ಳ. ಜಂಪರ್ ಕಿತ್ತ ಕೂಡಲೇ ಸಾಧನ ಸತ್ತರೆ ಅದು ಮಲಗಿಯೇ ಇಲ್ಲ. ಲೋ ಪವರ್ ಮೋಡ್ ಆನ್ ಆಗಿಲ್ಲ, ಅಥವಾ ಡೀಬಗ್ಗರ್ ಇನ್ನೂ ತಗುಲಿಕೊಂಡಿದೆ. ಅಳೆಯುವಾಗ ಯುಎಸ್‌ಬಿ-ಸೀರಿಯಲ್ ಕೇಬಲ್ ಬಿಚ್ಚಿರಬೇಕು, ಇಲ್ಲದಿದ್ದರೆ ಅದರ ಮೂಲಕ ಕಳ್ಳದಾರಿಯಲ್ಲಿ ಕರೆಂಟು ಬಂದು ಓದು ಸುಳ್ಳಾಗುತ್ತದೆ. ಇಂಥ ಸಾಧನಗಳನ್ನು ಹಲವು ಮಾಡುವ ಯೋಚನೆ ಇದ್ದರೆ ನಾರ್ಡಿಕ್‌ನ ಪವರ್ ಪ್ರೊಫೈಲರ್ ಕಿಟ್ 2 ಕೊಳ್ಳಿ. ಬೇರೆ ಕಂಪನಿಯ ಚಿಪ್ಪಿಗೂ ಅದು ಆಗುತ್ತದೆ. ಎದ್ದದ್ದು, ಅಳೆದದ್ದು, ಕಳುಹಿಸಿದ್ದು ಎಲ್ಲ ಗ್ರಾಫಿನಲ್ಲಿ ಕಾಣುತ್ತದೆ.

ಗೇಟ್‌ವೇ ಮತ್ತು ಆಂಟೆನಾ

ಗೇಟ್‌ವೇಗೆ 8 ಚಾನೆಲ್ಲಿನದ್ದನ್ನೇ ಕೊಳ್ಳಿ, ಐಎನ್865 ತಳಿ. ಒಂದೇ ಚಾನೆಲ್ಲಿನ ಅಗ್ಗದ ಗೇಟ್‌ವೇ ಮಾಡುವ ವಿಧಾನಗಳು ಬೇಕಾದಷ್ಟು ಸಿಗುತ್ತವೆ. ನಮ್ಮ ಸಾಧನ ಮೂರು ಚಾನೆಲ್ಲಿನಲ್ಲಿ ಸುತ್ತುತ್ತ ಮಾತಾಡುವುದರಿಂದ ಅದಕ್ಕೆ ಮೂರರಲ್ಲಿ ಎರಡು ಸಂದೇಶ ಕೇಳಿಸುವುದೇ ಇಲ್ಲ.

ಗೇಟ್‌ವೇ ಹಿಡಿದ ಸಂದೇಶಗಳನ್ನು ಬಿಡಿಸಿ ಇಡುವ ಸರ್ವರಿಗೆ ಎರಡು ದಾರಿ. ದಿ ಥಿಂಗ್ಸ್ ನೆಟ್‌ವರ್ಕ್ ಉಚಿತ, ಸುಲಭ, ಆದರೆ ಒಂದು ಸಾಧನ ದಿನಕ್ಕೆ 30 ಸೆಕೆಂಡಿಗಿಂತ ಹೆಚ್ಚು ಹೊತ್ತು ಗಾಳಿಯಲ್ಲಿರಬಾರದೆಂಬ ನಿಯಮ ಅಲ್ಲಿದೆ. ಎಸ್‌ಎಫ್10ರಲ್ಲಿ 96 ಸಂದೇಶವೆಂದರೆ 31 ಸೆಕೆಂಡು ದಾಟಿತು. ಎಸ್‌ಎಫ್12 ಆದರೆ 22 ಸಂದೇಶಕ್ಕೇ ಮುಗಿಯಿತು. ಇನ್ನೊಂದು, ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರಿನಲ್ಲಿ ಚಿರ್ಪ್‌ಸ್ಟ್ಯಾಕ್ ಎಂಬ ಸರ್ವರ್ ತಂತ್ರಾಂಶ ಹಾಕಿಕೊಳ್ಳುವುದು. ಇಂಟರ್‌ನೆಟ್ ಹೋದರೂ ಮನೆಯೊಳಗೆ ಎಲ್ಲ ನಡೆಯುತ್ತದೆ. ನಮ್ಮ ಕಡೆಯ ಮಳೆಗಾಲ ಕಂಡವರು ಎರಡನೆಯದನ್ನೇ ಆರಿಸುತ್ತಾರೆ. ಯಾವುದೇ ಇರಲಿ, ಸಾಧನವನ್ನು ನೋಂದಾಯಿಸುವಾಗ ಡೆವ್-ಇಯುಐ, ಜಾಯಿನ್-ಇಯುಐ, ಆಪ್-ಕೀ ಎಂಬ ಮೂರು ಸಂಖ್ಯೆಗಳನ್ನು ಎರಡೂ ಕಡೆ ಒಂದೇ ಆಗಿ ತುಂಬಬೇಕು. ಗೇಟ್‌ವೇಗೂ ರೂಟರಿಗೂ ಸೇರಿ 12 ವೋಲ್ಟಿನ ಸಣ್ಣ ಯುಪಿಎಸ್ ಹಾಕಿ.

ಆಂಟೆನಾ ವಿಷಯಕ್ಕೆ ಜನ ಕೊಡುವ ಗಮನ ಸಾಲದು. 866 ಮೆಗಾಹರ್ಟ್ಸಿನ ಕಾಲು ಅಲೆ ಸುಮಾರು 8.6 ಸೆಂಟಿಮೀಟರ್, ಸಾಧನಕ್ಕೆ ಅಷ್ಟುದ್ದದ ನೆಟ್ಟಗಿನ ತಂತಿಯೂ ಆದೀತು, ಕೊಂಡದ್ದಾದರೆ ಇನ್ನೂ ಒಳ್ಳೆಯದು. ಆಂಟೆನಾ ಇಲ್ಲದೆ ಕಳುಹಿಸಿ ಪರೀಕ್ಷೆ ಮಾಡಬೇಡಿ, ರೇಡಿಯೊ ಸುಟ್ಟೀತು. ಎರಡೂ ಕಡೆಯ ಆಂಟೆನಾ ನೆಟ್ಟಗೆ ನಿಂತಿರಲಿ, ಪಕ್ಕದಲ್ಲಿ ಕಬ್ಬಿಣದ ಪೈಪು ಬೇಡ.

ಗೇಟ್‌ವೇಯ ಆಂಟೆನಾ ಎಷ್ಟು ಎತ್ತರಕ್ಕೇರುತ್ತದೋ ಅಷ್ಟು ಒಳ್ಳೆಯದು. 500 ಮೀಟರ್ ದೂರಕ್ಕೆ ಈ ತರಂಗಕ್ಕೆ ನಡುದಾರಿಯಲ್ಲಿ ಆರೂವರೆ ಮೀಟರ್ ತ್ರಿಜ್ಯದ ಖಾಲಿ ಜಾಗ ಬೇಕು. ಹಂಚಿನ ಮಾಡಿನ ಕೆಳಗಿನಿಂದ ಮಾಡಿನ ಮೇಲಿನ ಪೈಪಿಗೆ ಆಂಟೆನಾ ಏರಿಸಿ, ಅದರಿಂದ ಸಾಧನ ಎಸ್‌ಎಫ್10ರಿಂದ 7ಕ್ಕೆ ಇಳಿದರೆ, ದಿನದ ಒಟ್ಟು ಖರ್ಚು ಒಂದೂವರೆಯಿಂದ ಮುಕ್ಕಾಲು ಎಂಎಎಚ್‌ಗೆ ಬರುತ್ತದೆ. ಬ್ಯಾಟರಿಯ ಆಯುಸ್ಸು ಇಮ್ಮಡಿ. ಯಾವ ದುಬಾರಿ ಚಿಪ್ಪು ತಂದರೂ ಇಷ್ಟು ಲಾಭ ಸಿಗದು.

ಸರ್ವರಿನಲ್ಲಿ ಪ್ರತಿ ಸಂದೇಶದ ಎಸ್‌ಎನ್‌ಆರ್, ಅಂದರೆ ಗದ್ದಲಕ್ಕೆ ಹೋಲಿಸಿದರೆ ಸಂಕೇತದ ಬಲ ಎಷ್ಟೆಂಬುದು, ಕಾಣುತ್ತದೆ. ಎಸ್‌ಎಫ್7ಕ್ಕೆ ಕೊನೆಯ ಮಿತಿ ಮೈನಸ್ ಏಳೂವರೆ ಡೆಸಿಬೆಲ್, ಎಸ್‌ಎಫ್10ಕ್ಕೆ ಮೈನಸ್ 15. ಬೇಸಗೆಯಲ್ಲಿ ಪರೀಕ್ಷಿಸುವುದಾದರೆ ಮಿತಿಗಿಂತ 10 ಡೆಸಿಬೆಲ್ ಮೇಲೆ ಇರಲಿ. ಸೋಗೆ ತೊಯ್ದಾಗ ಅದು ಬೇಕಾಗುತ್ತದೆ. ಮಾಡಿನ ಮೇಲಿನ ಆಂಟೆನಾಗೆ ಸಿಡಿಲು ತಡೆಯುವ ಅರೆಸ್ಟರ್ ಮತ್ತು ಸರಿಯಾದ ಅರ್ಥಿಂಗ್ ಕಡ್ಡಾಯ. ಏಪ್ರಿಲ್-ಮೇ ಮತ್ತು ಅಕ್ಟೋಬರಿನ ಸಂಜೆಗಳಲ್ಲಿ ಗುಡುಗು ಶುರುವಾದರೆ ಆಂಟೆನಾ ಕೇಬಲ್ ಬಿಚ್ಚಿ ದೂರ ಇಟ್ಟರೂ ನಷ್ಟವಿಲ್ಲ.

ಪೆಟ್ಟಿಗೆ

ಐಪಿ67 ಎಂದು ಬರೆದ ಪೆಟ್ಟಿಗೆಯೊಳಗೂ ಕರಾವಳಿಯಲ್ಲಿ ನೀರು ಸೇರುತ್ತದೆ. ಹಗಲು ಬಿಸಿಲಿಗೆ ಒಳಗಿನ ಗಾಳಿ ಹಿಗ್ಗಿ ಹೊರಹೋಗುತ್ತದೆ, ಸಂಜೆ ಮಳೆಗೆ ತಣಿದಾಗ ಒದ್ದೆ ಗಾಳಿಯನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. ಗಾಳಿ ಬಿಟ್ಟು ನೀರು ತಡೆಯುವ ಪೊರೆಯಿರುವ ವೆಂಟ್ ಒಂದನ್ನು ಹಾಕಿದರೆ ಈ ಉಸಿರಾಟ ಅದರ ಮೂಲಕವೇ ನಡೆಯುತ್ತದೆ, ಸಂದುಗಳಿಂದ ನೀರು ಎಳೆದುಕೊಳ್ಳುವುದು ತಪ್ಪುತ್ತದೆ. ಕೇಬಲ್ ಗ್ಲ್ಯಾಂಡ್ ಯಾವಾಗಲೂ ತಳದಲ್ಲಿ, ವಯರು ಒಮ್ಮೆ ಕೆಳಕ್ಕೆ ಬಾಗಿ ಮೇಲೆ ಬರಲಿ. ಬೆಸುಗೆ ಮುಗಿದ ಬೋರ್ಡಿಗೆ ತೇವ ತಡೆಯುವ ಕನ್‌ಫಾರ್ಮಲ್ ಕೋಟಿಂಗ್ ಬಳಿಯಿರಿ, ಆಂಟೆನಾ ಕನೆಕ್ಟರ್ ಮಾತ್ರ ಬಿಟ್ಟು. ಸಂದು ಮುಚ್ಚುವ ಸಿಲಿಕೋನ್ ಹುಳಿಹುಳಿ ವಿನೆಗರ್ ವಾಸನೆಯದ್ದಾದರೆ ಪೆಟ್ಟಿಗೆಯ ಒಳಗೆ ಬೇಡ, ಅದರಿಂದ ಹೊರಡುವ ಆಮ್ಲ ತಾಮ್ರವನ್ನು ತಿನ್ನುತ್ತದೆ. ನ್ಯೂಟ್ರಲ್ ಕ್ಯೂರ್ ಎಂದು ಕೇಳಿ ತನ್ನಿ. ಮಲ್ಪೆ, ಕಾಪು, ಉಳ್ಳಾಲದ ಹಾಗೆ ಸಮುದ್ರಕ್ಕೆ ಹತ್ತಿರದವರು ಸ್ಪ್ರಿಂಗಿನ ಬ್ಯಾಟರಿ ಹೋಲ್ಡರ್ ಬಿಟ್ಟು ಟ್ಯಾಬ್ ಬೆಸೆದ ಸೆಲ್ ಬಳಸಿ, ಉಪ್ಪುಗಾಳಿಗೆ ಸ್ಪ್ರಿಂಗು ಒಂದೇ ಮಳೆಗಾಲದಲ್ಲಿ ಹಸಿರಾಗುತ್ತದೆ. ಖಾಲಿ ಬಿಟ್ಟ ಗ್ಲ್ಯಾಂಡಿನ ತೂತು ಇರುವೆಗೆ ಮನೆ ಕಟ್ಟಲು ಕರೆಯೋಲೆ.

ಸೆನ್ಸರನ್ನು ಟ್ಯಾಂಕಿನ ಮುಚ್ಚಳದಲ್ಲಿ ಗೋಡೆಯಿಂದಲೂ ನೀರು ಬೀಳುವ ಪೈಪಿನಿಂದಲೂ ದೂರ, ನೇರ ಕೆಳಮುಖವಾಗಿ ಕೂರಿಸಿ. ಬೆಳಗಿನ ಹೊತ್ತು ಮೂತಿಗೆ ಹನಿ ಕಟ್ಟಿ ತಪ್ಪು ಓದು ಬರುವುದುಂಟು, ಐದರ ನಡುವಿನ ಬೆಲೆ ಹಿಡಿಯುವುದರಿಂದ ಹೆಚ್ಚಿನದ್ದು ತಪ್ಪುತ್ತದೆ. ಕಪ್ಪು ಪ್ಲಾಸ್ಟಿಕ್ ಟ್ಯಾಂಕಿನೊಳಗೆ ಮಧ್ಯಾಹ್ನಕ್ಕೂ ಮುಂಜಾನೆಗೂ 15 ಡಿಗ್ರಿ ವ್ಯತ್ಯಾಸ ಆದರೆ, ಉಷ್ಣಾಂಶದ ತಿದ್ದುಪಡಿ ಇಲ್ಲದ ಓದು 2 ಮೀಟರಿಗೆ 5 ಸೆಂಟಿಮೀಟರ್ ತಪ್ಪುತ್ತದೆ. ಟ್ಯಾಂಕಿನ ಮಟ್ಟಕ್ಕೆ ಇದು ಲೆಕ್ಕಕ್ಕಿಲ್ಲ, ಆದರೆ ಖಾಲಿ ಟ್ಯಾಂಕು ಮಧ್ಯಾಹ್ನ ‘ತುಂಬುತ್ತಿದೆ’ ಎಂದು ತೋರಿಸಿದರೆ ಕಾರಣ ಗೊತ್ತಿರಲಿ. ಅಂಥ ಟ್ಯಾಂಕಿಗೆ ಕಳುಹಿಸುವ ಮಿತಿಯನ್ನು 3ರಿಂದ 6 ಸೆಂಟಿಮೀಟರಿಗೆ ಏರಿಸಿ. ಖಾಲಿ ಇದ್ದಾಗ, ತುಂಬಿದಾಗ ಒಂದೊಂದು ಸಲ ಕೋಲು ಇಳಿಸಿ ಅಳೆದು ಆ ಎರಡು ಸಂಖ್ಯೆಗಳನ್ನು ಸರ್ವರಿನಲ್ಲಿ ಕೊಡಿ. ಕಾಂಕ್ರೀಟಿನ ಚೌಕ ಟ್ಯಾಂಕಿಗೆ ಅಷ್ಟೇ ಸಾಕು. ಮೇಲೆ ಗುಮ್ಮಟವಿರುವ ಪ್ಲಾಸ್ಟಿಕ್ ಟ್ಯಾಂಕಿನ ಕೊನೆಯ ಒಂದಡಿಯಲ್ಲಿ ಲೀಟರಿನ ಲೆಕ್ಕ ಸ್ವಲ್ಪ ಹೆಚ್ಚು ತೋರಿಸುತ್ತದೆ.

ಪಂಪಿನ ಕಡೆ

ಮೊದಲ ಬೇಸಗೆ ಮೊಬೈಲಿಗೆ ಸಂದೇಶ ಬಂದರೆ ಸಾಕು, ಸ್ವಿಚ್ಚು ನೀವೇ ಒತ್ತಿ. ಓದುಗಳ ಮೇಲೆ ನಂಬಿಕೆ ಬಂದ ಮೇಲೆ ಪಂಪಿನ ಶೆಡ್ಡಿನಲ್ಲಿ ಎರಡನೆಯ ಮೊಡ್ಯೂಲ್ ಇಡಬಹುದು. ಅಲ್ಲಿ ಕರೆಂಟು ಇರುವುದರಿಂದ ಅದು ಸದಾ ಕಿವಿತೆರೆದಿರುವ ಕ್ಲಾಸ್ ಸಿ ಕ್ರಮದಲ್ಲಿ ಓಡಲಿ, ಕ್ಷಣದಲ್ಲೇ ಆಜ್ಞೆ ತಲುಪುತ್ತದೆ. ಒಂದು ರಿಲೇ ಸ್ಟಾರ್ಟರಿನ ಹಸಿರು ಗುಂಡಿಗೆ ಸಮಾನಾಂತರವಾಗಿ, ಇನ್ನೊಂದು ಕೆಂಪು ಗುಂಡಿಯ ಸಾಲಿನಲ್ಲಿ. ಮೂರು ಫೇಸಿನ ಪೆಟ್ಟಿಗೆಗೆ ಕೈಹಾಕುವ ಕೆಲಸ ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್‌ಗೇ ಇರಲಿ.

ನಿಲ್ಲಿಸುವ ನಿಯಮಗಳನ್ನು ಸರ್ವರಿಗೆ ಬಿಡಬೇಡಿ, ಪಂಪಿನ ಮೊಡ್ಯೂಲಿನ ಒಳಗೇ ಬರೆಯಿರಿ. ಟ್ಯಾಂಕಿನಿಂದ ಕೊನೆಯ ಸುದ್ದಿ ಬಂದು 40 ನಿಮಿಷ ಕಳೆದರೆ ಪಂಪು ನಿಲ್ಲಬೇಕು. ಒಟ್ಟು ಓಡುವ ಸಮಯಕ್ಕೆ ಒಂದು ಮೇಲ್ಮಿತಿ ಇರಬೇಕು. ಪಂಪು ಓಡುತ್ತಿದ್ದೂ ಎರಡು ಅಳತೆಗಳ ನಡುವೆ ಮಟ್ಟ ಏರದಿದ್ದರೂ ನಿಲ್ಲಬೇಕು. ಪೈಪು ಒಡೆದಿರಬಹುದು, ಅಥವಾ ಏಪ್ರಿಲ್ ಕೊನೆಯ ಬಾವಿಯಲ್ಲಿ ನೀರು ಫುಟ್‌ವಾಲ್ವಿಗಿಂತ ಕೆಳಗಿಳಿದು ಪಂಪು ಬರೀ ಗಾಳಿ ಎಳೆಯುತ್ತಿರಬಹುದು. ಹೀಗೆ ನಿಂತ ಪಂಪು ತಾನಾಗಿ ಮತ್ತೆ ಶುರುವಾಗದಂತೆ ಬೀಗ ಹಾಕಿ, ಶೆಡ್ಡಿಗೆ ಹೋಗಿ ಗುಂಡಿ ಒತ್ತಿದ ಮೇಲಷ್ಟೇ ಬಿಡುವಂತೆ ಮಾಡಿ.